ವಸ್ತಿ ಎಲ್ಲಿ? ಪರ್ತ್‌ನಿಂದ ಎಕ್ಸ್‌ಮೌತ್‌ಗೆ ಕ್ಯಾರವಾನ್‌ನಲ್ಲಿ 18 ರಾತ್ರಿ

ಮಾವನ ಹತ್ತಿರ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇದೆ. ಕಾರಿನ ಹಿಂದೆ ಕ್ಯಾರವಾನ್, ಅಂದರೆ ಮಲಗೋಕೆ ಅಡುಗೆಗೆ ಜಾಗವಿರೋ ಗಾಡಿ, ಕಟ್ಟಿಕೊಂಡು ಹೋದ ನಮ್ಮ ಪ್ರವಾಸದ 18 ರಾತ್ರಿಗೂ ಅದರಲ್ಲಿ ಒಂದೊಂದು ಸಾಲು. ಹೊರಟ ಹೊತ್ತು, ತಲುಪಿದ ಹೊತ್ತು, ಮೀಟರ್ ರೀಡಿಂಗ್, ಗಾಳಿ ಬಂದ ದಿಕ್ಕು, ಕೊನೆಗೆ ಒಂದು ಅಂಕಿ. ಆ ಅಂಕಿ ಏನು ಅಂತ ಮೊದಲ ಮೂರು ದಿನ ನಮಗೆ ಗೊತ್ತೇ ಆಗಲಿಲ್ಲ. ಕೇಳಿದಾಗ ಹೇಳಿದರು, ಕ್ಯಾರವಾನ್ ಬಾಗಿಲಿನಿಂದ ಟಾಯ್ಲೆಟ್‌ಗೆ ಎಷ್ಟು ಹೆಜ್ಜೆ ಅಂತ. ಅತ್ತೆಗೆ ಮಂಡಿನೋವು. ರಾತ್ರಿ ಎರಡು ಸಲವಾದರೂ ಏಳುತ್ತಾರೆ. ಅದಕ್ಕೆ ಮಾವ ಪ್ರತಿ ಜಾಗದಲ್ಲೂ ಇಳಿದ ತಕ್ಷಣ ನಡೆದು ಎಣಿಸುತ್ತಿದ್ದರು. ನಾನು ಇಲ್ಲಿ ಬರೆಯುತ್ತಿರೋದೆಲ್ಲ ಹೆಚ್ಚೂಕಡಿಮೆ ಆ ನೋಟ್‌ಬುಕ್ ನೋಡಿಕೊಂಡೇ.

ಮಾವ ಕುಮಟೆಯವರು. ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಅದರಲ್ಲಿ ಸುಮಾರು ವರ್ಷ ವಸ್ತಿ ಬಸ್ಸಿನ ಡ್ಯೂಟಿ. ಸಂಜೆ ಕೊನೆಯ ಟ್ರಿಪ್ ಮುಗಿಸಿ ಯಾವುದೋ ಹಳ್ಳಿಯಲ್ಲಿ ಬಸ್ ನಿಲ್ಲಿಸಿ, ಅಲ್ಲೇ ಮಲಗಿ, ಬೆಳಿಗ್ಗೆ ಮೊದಲ ಟ್ರಿಪ್ ಹೊರಡೋದು. ನಾನು ಲ್ಯಾಪ್‌ಟಾಪ್ ತೆರೆದು ಕಡಲ ದಂಡೆಯ ಕ್ಯಾಂಪುಗಳ ಫೋಟೋ ತೋರಿಸುತ್ತಾ ಕೂತಿದ್ದೆ. ಅವರು ಕನ್ನಡಕ ಏರಿಸಿ ಎರಡೇ ಪ್ರಶ್ನೆ ಕೇಳಿದರು. "ನೀರು ಎಲ್ಲಿ ಸಿಗ್ತದೆ ತಂಗೀ? ಬೆಳಿಗ್ಗೆ ಗಾಡಿ ಮುಖ ಯಾವ ಕಡೆ ಇರ್ತದೆ?" ನಾನು ನಕ್ಕುಬಿಟ್ಟೆ. ಹದಿನೆಂಟು ರಾತ್ರಿ ಆದ ಮೇಲೆ ನಗು ಬರಲಿಲ್ಲ.

ನಮ್ಮ ಪರಿಸ್ಥಿತಿ ಹೀಗಿತ್ತು. ನಾವಿರೋದು ಪರ್ತ್‌ನಲ್ಲಿ. ಅತ್ತೆ, ಮಾವ ಮೂರು ತಿಂಗಳಿಗೆ ಬಂದಿದ್ದರು. ಮಗಳಿಗೆ ನಾಲ್ಕು ವರ್ಷ, ಇನ್ನೂ ಶಾಲೆಯ ಗಲಾಟೆ ಇಲ್ಲ. ಹಾಗಾಗಿ ಜುಲೈ ರಜೆಯ ಜನಜಂಗುಳಿ ಬಿಟ್ಟು ಆಗಸ್ಟ್ ಕೊನೆಯ ವಾರಕ್ಕೆ ದಿನ ಇಟ್ಟುಕೊಂಡೆವು. ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿ ಹಿಡಿದು ಉತ್ತರಕ್ಕೆ ಎಕ್ಸ್‌ಮೌತ್‌ವರೆಗೆ ಹೋಗಿ ಬರೋದು. ನೇರ ಹೋದರೆ ಒಂದು ಕಡೆಗೆ 1,250 ಕಿ.ಮೀ. ಚಿಲ್ಲರೆ. ಸುತ್ತುಬಳಸು ಎಲ್ಲ ಸೇರಿ ನಮಗಾದದ್ದು 3,100. ಬಾಡಿಗೆಗೆ ತಂದ ಕ್ಯಾರವಾನ್‌ನಲ್ಲಿ ದೊಡ್ಡ ಮಂಚ ಒಂದು, ಮೇಲೆ ಕೆಳಗೆ ಎರಡು ಸಣ್ಣ ಮಂಚ. ಮಂಚ ಅತ್ತೆ-ಮಾವನಿಗೆ, ಕೆಳಗಿನ ಗೂಡು ಮಗಳಿಗೆ, ಮೇಲಿನದು ಸಾಮಾನಿಗೆ. ನಾನೂ ನನ್ನ ಗಂಡನೂ ಊಟದ ಮೇಜು ಇಳಿಸಿ ಅದರ ಮೇಲೆ ಹಾಸಿಗೆ ಹಾಸಿಕೊಳ್ಳುತ್ತಿದ್ದೆವು.

ಜಾಗ ಆರಿಸುವಾಗ ನಮ್ಮ ಕೈ ಕಟ್ಟಿದ್ದು ಮೂರು ವಿಷಯ. ಅತ್ತೆಯ ಮಂಡಿ ಒಂದು. ಮಾವನ ಇನ್ಸುಲಿನ್ ಇನ್ನೊಂದು. ಬಳಸುತ್ತಿರುವ ಪೆನ್ ಹೊರಗಿದ್ದರೂ ಬಹುತೇಕ ಬಗೆಗಳಲ್ಲಿ ಕೆಲವು ವಾರ ತೊಂದರೆ ಇಲ್ಲ. ಆದರೆ ತೆರೆಯದ ಪೆನ್‌ಗಳು 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಅಂದರೆ ಫ್ರಿಜ್ ನಿಲ್ಲೋ ಹಾಗಿಲ್ಲ. ಮೂರನೆಯದು ಬಾಡಿಗೆ ಒಪ್ಪಂದದ ಒಂದು ಸಾಲು. ಸೂರ್ಯ ಮುಳುಗಿದ ಮೇಲೆ ಊರ ಹೊರಗೆ ಓಡಿಸಿದರೆ ವಿಮೆ ಇಲ್ಲ. ಇದು ಸುಮ್ನೆ ಹಾಕಿದ ಷರತ್ತಲ್ಲ. ಮುಸ್ಸಂಜೆಗೆ ಕಾಂಗರೂಗಳು ರಸ್ತೆಬದಿಗೆ ಮೇಯಲು ಬರುತ್ತವೆ, ದೀಪ ಕಂಡರೆ ಯಾವ ಕಡೆ ಹಾರುತ್ತವೆ ಅಂತ ಅವಕ್ಕೇ ಗೊತ್ತಿರಲ್ಲ.

ಲೆಕ್ಕ ಶುರು ಮಾಡಿದ್ದು ಕೊನೆಯ ತುದಿಯಿಂದ. ಎಕ್ಸ್‌ಮೌತ್ ಆಚೆ ಕೇಪ್ ರೇಂಜ್ ರಾಷ್ಟ್ರೀಯ ಉದ್ಯಾನ ಇದೆ. ನಿಂಗಲೂ ಹವಳದ ದಿಬ್ಬ ಅಲ್ಲಿ ದಡಕ್ಕೇ ಅಂಟಿಕೊಂಡ ಹಾಗಿದೆ. ದೋಣಿ ಬೇಡ, ಮೊಣಕಾಲುದ್ದ ನೀರಿಗೆ ಇಳಿದು ಮುಖ ಮುಳುಗಿಸಿದರೆ ಮೀನು. ಉದ್ಯಾನದೊಳಗಿನ ಕ್ಯಾಂಪುಗಳಲ್ಲಿ ಸೈಟುಗಳು, ಅಂದರೆ ಗಾಡಿ ನಿಲ್ಲಿಸಿ ಉಳಿಯೋ ಜಾಗಗಳು, ಕಡಿಮೆ, ಬೇಡಿಕೆ ಜಾಸ್ತಿ. ಬುಕಿಂಗ್ ತೆರೆಯೋದು 180 ದಿನ ಮುಂಚೆ. ಫೆಬ್ರವರಿ ಮುಗಿಯೋ ಹೊತ್ತಿಗೇ ನಾನು ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಂಡು ಕಾದು ಕೂತು ಓಸ್ಪ್ರೆ ಬೇ ಅನ್ನೋ ಕ್ಯಾಂಪಿನಲ್ಲಿ ಮೂರು ರಾತ್ರಿ ಹಿಡಿದೆ. ಆಮೇಲೆ ಕೋರಲ್ ಬೇ ಎರಡು ರಾತ್ರಿ. ಅದೂ ಸಣ್ಣ ಊರು, ತಡ ಮಾಡಿದರೆ ಸಿಗಲ್ಲ. ಈ ಐದು ರಾತ್ರಿ ಗೋಡೆಗೆ ಹೊಡೆದ ಮೊಳೆ. ಉಳಿದದ್ದೆಲ್ಲ ಅದಕ್ಕೆ ಕಟ್ಟಿದ ಹಗ್ಗ.

ಹಗ್ಗವನ್ನೂ ನಾನು ಬಿಗಿಯಾಗಿ ಎಳೆದು ಕಟ್ಟಿದೆ. ಪರ್ತ್‌ನಿಂದ ಕೋರಲ್ ಬೇವರೆಗೆ ಪ್ರತಿ ರಾತ್ರಿಯೂ ಬುಕ್. ಒಂದು ದಿನದ ಸಡಿಲವೂ ಇಲ್ಲ. ಈಗ ನೋಡಿದರೆ ಅದೇ ದೊಡ್ಡ ತಪ್ಪು.

ಮೊದಲ ರಾತ್ರಿ ಜ್ಯೂರಿಯನ್ ಬೇ. ಮನೆಯಿಂದ 220 ಕಿ.ಮೀ. ಮಾತ್ರ. "ಇಷ್ಟು ಹತ್ತಿರಕ್ಕೆ ಯಾಕೆ?" ಅಂತ ಗಂಡ ಗೊಣಗಿದರು. ಹತ್ತಿರ ಇದ್ದದ್ದೇ ಒಳ್ಳೆಯದಾಯಿತು. ಕರೆಂಟು, ನೀರು ಎಲ್ಲ ಇರೋ ಕ್ಯಾರವಾನ್ ಪಾರ್ಕಿನಲ್ಲಿ ನಿಲ್ಲಿಸಿ, ಏನೇನು ಮರೆತಿದ್ದೇವೆ ಅಂತ ಗೊತ್ತು ಮಾಡಿಕೊಂಡೆವು. ನೀರಿನ ಪೈಪಿನ ಜೋಡಣೆ ಸೋರುತ್ತಿತ್ತು. ಇಕ್ಕಳ ಮನೆಯಲ್ಲಿತ್ತು. ಊರಿನ ಹಾರ್ಡ್‌ವೇರ್ ಅಂಗಡಿ ಮುಚ್ಚೋಕೆ ಮುಂಚೆ ಸಿಕ್ಕಿತು.

ಅಲ್ಲೇ ಮೊದಲ ಸಲ ರಿವರ್ಸ್ ಹಾಕಿದ್ದು. ಕ್ಯಾರವಾನ್ ಹಿಂದಕ್ಕೆ ತೆಗೆಯುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಅದರ ಹಿಂಭಾಗ ಬಲಕ್ಕೆ ಹೋಗುತ್ತದೆ. ತಲೆ ಕೆಟ್ಟುಹೋಗುತ್ತದೆ. ಪಕ್ಕದ ಸೈಟಿನ ಆಸ್ಟ್ರೇಲಿಯನ್ ಅಜ್ಜ ಅಜ್ಜಿ ಕುರ್ಚಿ ತಿರುಗಿಸಿ ಕೂತರು. ಇಲ್ಲಿ ಅದೊಂದು ಸಂಜೆಯ ಮನರಂಜನೆ. ಮಾವ ಹಿಂದೆ ಹೋಗಿ ನಿಂತು ಬಾಡಿಯ ಮೇಲೆ ಅಂಗೈಯಿಂದ ತಟ್ಟುತ್ತಾ, "ಬರ್ಲಿ, ಬರ್ಲಿ, ಬರ್ಲಿ, ಲೆಫ್ಟ್ ಕಟ್, ಬರ್ಲಿ... ಹೋಲ್ಡಾನ್!" ಅಂತ ಕೂಗಿದರು. ಒಂದೇ ಸಲಕ್ಕೆ ಕೂತಿತು. ಅಜ್ಜ ಚಪ್ಪಾಳೆ ತಟ್ಟಿದರು. ಮಾವನಿಗೆ ಅದು ಗೊತ್ತೇ ಆಗಲಿಲ್ಲ. ಅವರಾಗಲೇ ಹೆಜ್ಜೆ ಎಣಿಸುತ್ತಾ ಟಾಯ್ಲೆಟ್ ಕಡೆ ಹೊರಟಿದ್ದರು.

ಎರಡನೇ ರಾತ್ರಿ ಆರಿಸಿದ್ದು ಫೋಟೋ ನೋಡಿ. ಜೆರಾಲ್ಡ್‌ಟನ್ ದಾಟಿ ಸುಮಾರು 30 ಕಿ.ಮೀ. ಹೋದರೆ ಕೊರೊನೇಶನ್ ಬೀಚ್. ಸಮುದ್ರಕ್ಕೆ ಹತ್ತೇ ಮಾರು. ಆದರೆ ಈ ಬೀಚ್ ಹೆಸರು ಮಾಡಿರೋದು ಯಾಕೆ ಅಂತ ನಾನು ಒಂದು ನಿಮಿಷ ಯೋಚಿಸಬೇಕಿತ್ತು. ವಿಂಡ್‌ಸರ್ಫಿಂಗ್‌ಗೆ. ಗಾಳಿ ಇಲ್ಲದ ಕಡೆ ವಿಂಡ್‌ಸರ್ಫಿಂಗ್ ಮಾಡ್ತಾರಾ? ಬರುವ ದಾರಿಯಲ್ಲಿ ಗ್ರೀನೋ ಬಳಿ ನೆಲಕ್ಕೆ ಮಲಗಿದಂತೆ ಬೆಳೆದ ನೀಲಗಿರಿ ಜಾತಿಯ ಮರಗಳನ್ನು ನೋಡಿ ಎಲ್ಲರೂ ಫೋಟೋ ಬೇರೆ ತೆಗೆದುಕೊಂಡಿದ್ದೆವು. ಉಪ್ಪು ತುಂಬಿದ ದಕ್ಷಿಣದ ಗಾಳಿ ಅವನ್ನು ಹಾಗೆ ಬಗ್ಗಿಸಿದ್ದು. ಬೋರ್ಡ್ ಇಟ್ಟು ಹೇಳಿದ ಹಾಗಿತ್ತು, ನಾವು ಓದಲಿಲ್ಲ.

ನಿಜವಾದ ಗಾಳಿಗಾಲ ಇನ್ನೂ ಶುರುವಾಗಿರಲಿಲ್ಲ, ಅದು ಬೇಸಿಗೆ ಹತ್ತಿರ ಬಂದ ಮೇಲೆ. ಆದರೆ ಆ ರಾತ್ರಿ ಚಳಿಗಾಲದ ಕೊನೆಯ ಮೋಡ ಮಾರುತವೊಂದು ದಾಟಿತು. ಹಿಂದಿನ ಕಿಟಕಿಯಿಂದ ಸಮುದ್ರ ಕಾಣಲಿ ಅಂತ ನಾವು ಗಾಡಿಯ ಮೂಗನ್ನು ಪೂರ್ವಕ್ಕೆ ಮಾಡಿ ನಿಲ್ಲಿಸಿದ್ದೆವು. ಹಾಗಾಗಿ ಬಲ ಮಗ್ಗುಲು ದಕ್ಷಿಣಕ್ಕೆ. ನಮ್ಮ ಕ್ಯಾರವಾನ್‌ನಲ್ಲಿ ಫ್ರಿಜ್‌ನ ಗಾಳಿಕಿಂಡಿ ಇರೋದು ಬಲ ಮಗ್ಗುಲಲ್ಲೇ.

ಈ ಫ್ರಿಜ್ ಬಗ್ಗೆ ಸ್ವಲ್ಪ ಹೇಳಬೇಕು. ಮನೆಯ ಫ್ರಿಜ್ ಹಾಗೆ ಕಂಪ್ರೆಸರ್ ಇಲ್ಲ. ಕರೆಂಟಿದ್ದರೆ ಕರೆಂಟಿನಿಂದ, ಓಡುವಾಗ ಕಾರಿನ ಬ್ಯಾಟರಿಯಿಂದ, ಎರಡೂ ಇಲ್ಲದಾಗ ಗ್ಯಾಸ್‌ನಿಂದ ನಡೆಯುತ್ತದೆ. ಗ್ಯಾಸ್ ಅಂದರೆ ಒಳಗೆ ಹೆಬ್ಬೆರಳಿನ ಉಗುರಿನಷ್ಟು ನೀಲಿ ಜ್ವಾಲೆ. ಆ ಬಿಸಿಯಿಂದಲೇ ತಂಪಾಗೋದು. ಕೇಳೋಕೆ ವಿಚಿತ್ರ, ಆದರೆ ಕೆಲಸ ಮಾಡುತ್ತದೆ, ಎರಡು ಷರತ್ತಿನ ಮೇಲೆ. ಗಾಡಿ ಸಮತಟ್ಟಾಗಿ ನಿಂತಿರಬೇಕು. ಜ್ವಾಲೆ ಆರಬಾರದು.

ರಾತ್ರಿ ಎರಡೂವರೆಗೆ ನೈಋತ್ಯದಿಂದ ಗಾಳಿ ಹೊಡೆಯಿತು. ಮೇಲಾವರಣದ ಬಟ್ಟೆ ಪಟಪಟ ಅಂತ ಹಾಯಿಯ ಹಾಗೆ ಬಡಿಯತೊಡಗಿತು. ನಾನೂ ಗಂಡನೂ ಚಡ್ಡಿ ಜಾಕೆಟ್‌ನಲ್ಲಿ ಹೊರಗೆ ಓಡಿ ಅದನ್ನು ಸುತ್ತಿದೆವು. ಟಾಯ್ಲೆಟ್ 140 ಹೆಜ್ಜೆ ದೂರ. ಅತ್ತೆ ಹೋಗಲಿಲ್ಲ. ಒಳಗಿನ ಕ್ಯಾಸೆಟ್ ಟಾಯ್ಲೆಟ್ಟೇ ಗತಿ. ಬೆಳಿಗ್ಗೆ ಹಾಲು ತೆಗೆದಾಗ ಬೆಚ್ಚಗಿತ್ತು. ಜ್ವಾಲೆ ಯಾವಾಗ ಆರಿತ್ತೋ. ಇನ್ಸುಲಿನ್ ಪೆನ್‌ಗಳ ಪೆಟ್ಟಿಗೆಯಲ್ಲಿ ನಾನು ಇಟ್ಟಿದ್ದ ಥರ್ಮಾಮೀಟರ್ 13 ತೋರಿಸುತ್ತಿತ್ತು. ಮಾವ, "ಎಂತ ಆಗುದಿಲ್ಲ ಬಿಡು" ಅಂದರು. ಅತ್ತೆ ಮಾತ್ರ ಜೆರಾಲ್ಡ್‌ಟನ್‌ಗೆ ವಾಪಸ್ ಹೋಗಿ ಫಾರ್ಮಸಿಯಲ್ಲಿ ಕೇಳೋವರೆಗೆ ಬಿಡಲಿಲ್ಲ. ಒಂದು ರಾತ್ರಿಗೆ ಏನೂ ಆಗಲ್ಲ ಅಂದರು ಅವರು. ಐಸ್ ಇಡೋ ಸಣ್ಣ ಪೆಟ್ಟಿಗೆಯನ್ನೂ ಕೊಂಡೆವು.

ವಾಪಸ್ ಬರುವಾಗ ಅತ್ತೆ ಕೇಳಿದರು. "ದೋಣಿ ಲಂಗರು ಹಾಕಿದ್ರೆ ಮೂಗು ಯಾವ ಕಡೆ ಇರ್ತದೆ ತಮಾ? ಗಾಳಿ ಬರೋ ಕಡೆಗೆ ಅಲ್ದಾ?" ಅವರ ತವರು ಮನೆ ಅಘನಾಶಿನಿ ದಡದಲ್ಲಿ. ಅಲ್ಲಿಂದ ಮುಂದೆ ಕರೆಂಟಿಲ್ಲದ ಕಡೆ ಎಲ್ಲ ಗಾಡಿಯ ಮೂಗು ಗಾಳಿಗೆ. ನೋಟ ಯಾವ ಕಡೆ ಬೇಕಾದರೂ ಇರಲಿ, ಕುರ್ಚಿ ತಿರುಗಿಸಿದರಾಯಿತು.

ಕಲ್ಬಾರಿಯ ಎರಡು ದಿನದ ಬಗ್ಗೆ ಹೆಚ್ಚು ಹೇಳೋದು ಬೇಡ. ಮರ್ಚಿಸನ್ ನದಿ ಸಮುದ್ರ ಸೇರುವ ಊರು, ಚಂದ ಇದೆ. 2021ರ ಏಪ್ರಿಲ್‌ನಲ್ಲಿ ಸೆರೋಜಾ ಚಂಡಮಾರುತ ಈ ಊರಿನ ಛಾವಣಿಗಳನ್ನೇ ಕಿತ್ತುಕೊಂಡು ಹೋಗಿತ್ತು.

ಆದರೆ ಈ ದಾರಿಯ ಒಂದು ಕ್ಯಾರವಾನ್ ಪಾರ್ಕಿನ ಕಥೆ ಹೇಳಲೇಬೇಕು. ಊರು, ಹೆಸರು ಬೇಡ. ಫೋನಿನಲ್ಲಿ "ನೆರಳಿದೆ, ಹಿಂದಿನಿಂದ ಒಳಗೆ ಬಂದು ಮುಂದಿನಿಂದ ಹೊರಗೆ ಹೋಗಬಹುದು" ಅಂದಿದ್ದರು. ಹೋಗಿ ನೋಡಿದರೆ ನೆರಳೂ ಇಲ್ಲ, ದಾರಿಯೂ ಇಲ್ಲ. ಟಾಯ್ಲೆಟ್ ಕಟ್ಟಡದ ಗೋಡೆಗೆ ಒತ್ತಿಕೊಂಡ, ಒಂದು ಕಡೆ ವಾಲಿದ ಜಾಗ. ನಾನು ಜಗಳಕ್ಕೆ ಹೊರಟೆ. ಅಷ್ಟರಲ್ಲಿ ಮಾವ ಎಣಿಸಿ ಬಂದರು. "ಹದಿನೇಳು!" ಅತ್ತೆಯ ಮುಖ ಅರಳಿತು. ಆ ಎರಡು ರಾತ್ರಿ ಅವರು ಯಾರನ್ನೂ ಎಬ್ಬಿಸದೆ ಹೋಗಿ ಬಂದರು. ವಾಲಿದ್ದಕ್ಕೆ ಚಕ್ರದ ಕೆಳಗೆ ಪ್ಲಾಸ್ಟಿಕ್ ಇಳಿಜಾರು ತುಂಡು ಕೊಟ್ಟು, ರಸಮಟ್ಟ ಇಟ್ಟು ನೋಡಿ ಸರಿ ಮಾಡಿಕೊಂಡೆವು. ಜಗಳ ಉಳಿಯಿತು.

ಐದನೇ ದಿನ ಹಗ್ಗ ತುಂಡಾಯಿತು.

ಆವತ್ತಿನ ಪ್ಲಾನ್ ಕಲ್ಬಾರಿಯಿಂದ ಡೆನಮ್. 375 ಕಿ.ಮೀ. ನಕ್ಷೆಯ ಪ್ರಕಾರ ನಾಲ್ಕು ಗಂಟೆ. ಕ್ಯಾರವಾನ್ ಎಳೆದುಕೊಂಡು ನಾವು ಹೋಗುತ್ತಿದ್ದದ್ದು 85ರಿಂದ 90ರಲ್ಲಿ. ಪೆಟ್ರೋಲು, ಊಟ, ಮಗಳ "ಅಮ್ಮಾ ಸುಸ್ಸು" ಎಲ್ಲ ಸೇರಿಸಿದರೆ ಆರು ಗಂಟೆ. ಎಂಟಕ್ಕೆ ಹೊರಡಬೇಕಿತ್ತು. ಆದರೆ ಬೆಳಿಗ್ಗೆ ನದಿ ದಂಡೆಯಲ್ಲಿ ಪೆಲಿಕನ್‌ಗಳಿಗೆ ಮೀನು ಹಾಕೋದನ್ನು ಮಗಳಿಗೆ ತೋರಿಸಬೇಕಿತ್ತು. ಆಮೇಲೆ ಡಂಪ್ ಪಾಯಿಂಟ್‌ನಲ್ಲಿ ಸಾಲು. ಕ್ಯಾಸೆಟ್ ಟಾಯ್ಲೆಟ್‌ನ ಪೆಟ್ಟಿಗೆ ಹಿಡಿಯೋದು ಇಪ್ಪತ್ತು ಲೀಟರಿನಷ್ಟು. ಐದು ಜನಕ್ಕೆ ಎರಡು ದಿನ ಬಂದರೆ ಹೆಚ್ಚು. ಅದನ್ನು ಖಾಲಿ ಮಾಡದೆ ಹೊರಡೋ ಹಾಗಿಲ್ಲ. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು: "ಹೊರಟದ್ದು 11.20. ಲೇಟ್ 3.20." ಕೆಳಗೆ ಗೆರೆ ಎಳೆದಿದ್ದಾರೆ.

ನಾರ್ತ್ ವೆಸ್ಟ್ ಕೋಸ್ಟಲ್ ಹೈವೇಗೆ ಕೂಡಿದ ಮೇಲೆ ರೋಡ್ ಟ್ರೈನ್‌ಗಳು. ಒಂದು ಲಾರಿಯ ಹಿಂದೆ ಎರಡು ಮೂರು ಟ್ರೇಲರ್. ದೊಡ್ಡವು 53.5 ಮೀಟರ್ ಉದ್ದ. ನಮ್ಮೂರ ಬಸ್ಸುಗಳನ್ನು ನಾಲ್ಕೈದು ಒಂದರ ಹಿಂದೆ ಒಂದು ಕಟ್ಟಿದ ಹಾಗೆ. ಎದುರಿನಿಂದ ಒಂದು ದಾಟಿದರೆ ಗಾಳಿ ಮೊದಲು ಹೊರಗೆ ತಳ್ಳುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ. ಗಂಡನ ಬೆರಳ ಗೆಣ್ಣು ಬಿಳಿಚಿಕೊಂಡಿತ್ತು. ಓವರ್‌ಲ್ಯಾಂಡರ್ ರೋಡ್‌ಹೌಸ್, ಅಂದರೆ ಹೈವೇ ಬದಿಯ ಪೆಟ್ರೋಲ್ ಬಂಕ್ ಮತ್ತು ತಂಗುದಾಣ, ತಲುಪಿದಾಗ ಮೂರೂವರೆ. ಅಲ್ಲಿಂದ ಡೆನಮ್‌ಗೆ ಎಡಕ್ಕೆ ತಿರುಗಿ ಇನ್ನೂ 130 ಕಿ.ಮೀ.

ಅಲ್ಲೇ ಉಳಿಯಬಹುದಿತ್ತು. ಮಾವ ಹೇಳಿದರು ಕೂಡ. "ಲೇಟಾದ ಗಾಡಿ ಓಡ್ಸಿ ಟೈಮ್ ಹಿಡೀಲಿಕ್ಕೆ ಹೋಗ್ಬಾರ್ದು. ನಿಂತ್ಕೊಂಡೇ ಟೈಮ್ ಹಿಡೀಬೇಕು." ನಮಗೆ ಅರ್ಥವಾಗಲಿಲ್ಲ, ಅಥವಾ ಅರ್ಥ ಮಾಡಿಕೊಳ್ಳೋಕೆ ಮನಸ್ಸಿರಲಿಲ್ಲ. ಡೆನಮ್‌ನಲ್ಲಿ ಸಮುದ್ರದ ಎದುರಿನ ಸೈಟು, ಮೂರು ರಾತ್ರಿಯ ದುಡ್ಡು ಕಟ್ಟಿಯಾಗಿದೆ. ತಡವಾದರೆ ಆ ರಾತ್ರಿಯ ದುಡ್ಡು ಹೋಯಿತು. ಆ ದುಡ್ಡೇ ನಮ್ಮನ್ನು ಓಡಿಸಿತು. ನಾಲ್ಕು ಗಂಟೆಗೆ ಹೊರಟೆವು.

ಹೊರಟು ಇಪ್ಪತ್ತು ನಿಮಿಷ ಆಗಿರಬೇಕು. ಬೆಳಕು ಇನ್ನೂ ಚೆನ್ನಾಗಿತ್ತು. ಎಡಗಡೆಯ ಪೊದೆಯಿಂದ ಎಮು ಒಂದು ಹೊರಬಂತು. ಅದರ ಹಿಂದೆ ಇನ್ನೊಂದು, ಆಮೇಲೆ ಸಣ್ಣವು ಐದಾರು. ಬ್ರೇಕ್ ಹಾಕಿದಾಗ ಕ್ಯಾರವಾನ್ ಹಿಂದಿನಿಂದ ತಳ್ಳಿ ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ಓಲಾಡಿತು. ನಿಂತಿತು. ಎಮುಗಳು ನಮ್ಮ ಕಡೆ ನೋಡಿ, ಅವಸರ ಏನೂ ಇಲ್ಲದೆ ದಾಟಿದವು. ಒಳಗೆ ಹೋಗಿ ನೋಡಿದರೆ ಮೇಲಿನ ಕಪಾಟಿನ ಬಾಗಿಲು ತೆರೆದು ಸಾರಿನ ಪುಡಿಯ ಗಾಜಿನ ಬಾಟಲಿ ನೆಲಕ್ಕೆ ಬಿದ್ದು ಚೂರು. ಊರಿಂದ ಅತ್ತೆ ಹುರಿದು ಕುಟ್ಟಿಸಿ ತಂದ ಪುಡಿ. ಹಾಸಿಗೆ, ಪರದೆ, ನೆಲದ ಸಂದಿ ಎಲ್ಲ ಕಡೆ. ಮಗಳು ಸೀನುತ್ತಿದ್ದಳು. ಅತ್ತೆ ಮಾತಾಡಲಿಲ್ಲ. ಅದೇ ಜಾಸ್ತಿ ಭಯ ಆಗಿದ್ದು.

ಮುಂದೆ ಹತ್ತೇ ನಿಮಿಷಕ್ಕೆ ಹ್ಯಾಮೆಲಿನ್‌ನ ಬೋರ್ಡ್ ಕಂಡಿತು. ಹಿಂದೆ ಕುರಿ ಸಾಕುವ ದೊಡ್ಡ ಜಮೀನು, ಈಗ ಸಂರಕ್ಷಣೆಗೆ ಬಿಟ್ಟಿರೋ ಜಾಗ. ಉಳಿಯಲು ಕ್ಯಾಂಪಿಂಗ್ ಸೈಟುಗಳಿವೆ. ಗಂಡ ಏನೂ ಕೇಳದೆ ಇಂಡಿಕೇಟರ್ ಹಾಕಿದರು. ಸೈಟು ಖಾಲಿ ಇತ್ತು. ನೆಲ ಕೈಯಲ್ಲಿ ಸವರಿದ ಹಾಗೆ ಸಮತಟ್ಟು. ಬಿಸಿನೀರಿನ ಸ್ನಾನ. 52 ಹೆಜ್ಜೆ. ನಾನು ಡೆನಮ್‌ಗೆ ಫೋನ್ ಮಾಡಿ ಇವತ್ತು ಬರಲ್ಲ ಅಂದೆ. ದುಡ್ಡು ವಾಪಸ್ ಇಲ್ಲ ಅಂದರು. ಸರಿ ಅಂದೆ. ಫೋನ್ ಇಟ್ಟ ಮೇಲೆ ಹೆಗಲಿನ ಮೇಲಿನ ಗೋಣಿಚೀಲ ಇಳಿಸಿದ ಹಾಗಾಯಿತು.

ಮರುದಿನ ಬೆಳಿಗ್ಗೆ ಹ್ಯಾಮೆಲಿನ್ ಪೂಲ್‌ಗೆ ಹೋದೆವು. ನನ್ನ ಪಟ್ಟಿಯಲ್ಲಿ ಅದು "ದಾರಿಯಲ್ಲಿ 20 ನಿಮಿಷ" ಅಂತಿತ್ತು. ಅಲ್ಲಿಯ ನೀರು ಮಾಮೂಲಿ ಸಮುದ್ರಕ್ಕಿಂತ ಎರಡು ಪಟ್ಟು ಉಪ್ಪು. ಹಾಗಾಗಿ ತಿಂದುಹಾಕುವ ಜೀವಿಗಳು ಕಡಿಮೆ, ಸ್ಟ್ರೊಮಾಟೊಲೈಟ್‌ಗಳು ಉಳಿದುಕೊಂಡಿವೆ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಪ್ಪು ದಿಂಡುಗಳು. ಭೂಮಿಯ ಮೇಲೆ ಜೀವ ಶುರುವಾದ ಹೊಸತರಲ್ಲಿ ಇದ್ದಂಥವು. ಹತ್ತಿರ ಹೋಗಿ ನೋಡೋಕೆ ಕಟ್ಟಿದ್ದ ಮರದ ಸೇತುವೆಯನ್ನು ಅದೇ ಸೆರೋಜಾ ಮುರಿದಿತ್ತು. ದಡದಿಂದಲೇ ನೋಡಿದೆವು. ಅತ್ತೆ ಚಪ್ಪಲಿ ಬಿಟ್ಟು ಕೂತರು, ಎರಡು ತಾಸು ಏಳಲಿಲ್ಲ. ಅವತ್ತು ಎಲ್ಲಿಗೂ ಓಡಬೇಕಾಗಿರಲಿಲ್ಲ. ಡೆನಮ್ ನೂರು ಕಿಲೋಮೀಟರ್ ಅಷ್ಟೇ.

ಆ ಸಂಜೆ ಡೆನಮ್‌ನಲ್ಲಿ ಕೂತು ಪ್ಲಾನ್ ಮುರಿದು ಕಟ್ಟಿದೆವು. ಮೂರು ಗಂಟೆಯೊಳಗೆ ನಿಲ್ಲಬೇಕು ಅನ್ನೋದು ಮೊದಲು ಬಂತು. ದೂರ ಎಷ್ಟು ಅಂತ ಆಮೇಲೆ. ಮೂರು ಗಂಟೆ ಸುಮ್ನೆ ಹಿಡಿದ ಹೊತ್ತಲ್ಲ. ಈ ದಾರಿಯಲ್ಲಿ ಚಳಿಗಾಲ ಕಳೆಯಲು ಉತ್ತರಕ್ಕೆ ಬರುವ ನಿವೃತ್ತರು ಸಾವಿರಗಟ್ಟಲೆ. ಇಲ್ಲಿ ಅವರಿಗೆ ಗ್ರೇ ನೋಮ್ಯಾಡ್ ಅಂತಾರೆ, ನೆರೆಗೂದಲಿನ ಅಲೆಮಾರಿಗಳು. ಅವರು ಬೆಳಿಗ್ಗೆ ಎಂಟಕ್ಕೆ ಬಿಟ್ಟು ಎರಡಕ್ಕೆ ನಿಲ್ಲುತ್ತಾರೆ. ಬುಕಿಂಗ್ ಇಲ್ಲದ ಕಡೆ ಒಳ್ಳೆಯ ಜಾಗ ಅವರದ್ದೇ. ಮೂರರ ಮೇಲೆ ಹೋದವರಿಗೆ ಇಳಿಜಾರು, ಇಲ್ಲವೇ ಇರುವೆ ಗೂಡು.

ಡೆನಮ್‌ನಲ್ಲಿ ಸಮುದ್ರದ ಎದುರಿನ ಆ ಸೈಟು ಹೇಗಿತ್ತು ಅಂತ ಕೇಳ್ತೀರಾ? ಚೆನ್ನಾಗೇ ಇತ್ತು. ಗಾಳಿಗೆ ಅರ್ಧ ಹೊತ್ತು ಕಿಟಕಿ ಮುಚ್ಚಿಕೊಂಡು ಕೂತಿದ್ದೆವು. ಹಿಂದಿನ ಸಾಲಿನಲ್ಲಿ, ಕಟ್ಟಡದ ಮರೆಯಲ್ಲಿ, ಕಡಿಮೆ ಬಾಡಿಗೆಗೆ ನಿಂತವರು ಹೊರಗೆ ಕೂತು ಮೀನು ಸುಡುತ್ತಿದ್ದರು.

ಕಾರ್ನಾರ್ವನ್ ನನ್ನ ಪಟ್ಟಿಯಲ್ಲಿ ಬರೀ ರಾತ್ರಿ ಕಳೆಯೋ ಊರು. ಅಲ್ಲಿ ಎರಡು ರಾತ್ರಿ ಉಳಿದದ್ದು ಒಂದು ಜಗಳದಿಂದ. ಗಂಡನಿಗೆ ಎರಡನೇ ರಾತ್ರಿ ಪಾಯಿಂಟ್ ಕ್ವೋಬ್ಬಾದಲ್ಲಿ ಕಳೆಯುವ ಆಸೆ. ಊರಿನಿಂದ 75 ಕಿ.ಮೀ. ಉತ್ತರಕ್ಕೆ. ಬಂಡೆಯ ಬಿಲದೊಳಗೆ ಅಲೆ ನುಗ್ಗಿ ಮೇಲಕ್ಕೆ ಕಾರಂಜಿಯ ಹಾಗೆ ಚಿಮ್ಮುತ್ತದೆ. "ದೈತ್ಯ ಅಲೆಗಳು ಕೊಲ್ಲುತ್ತವೆ" ಅಂತ ದೊಡ್ಡ ಬೋರ್ಡ್ ಬೇರೆ. ಪಕ್ಕದಲ್ಲೇ ಕ್ಯಾಂಪ್, ಸಮುದ್ರಕ್ಕೆ ಮುತ್ತಿಡೋ ಜಾಗ. ಆದರೆ ಕರೆಂಟಿಲ್ಲ, ಕುಡಿಯೋ ನೀರಿಲ್ಲ, ತೆರೆದ ಬಯಲು. ನಾನು ಒಂದೇ ಲೆಕ್ಕ ಹಾಕಿದೆ. ಕ್ವೋಬ್ಬಾದಲ್ಲಿ ಉಳಿದರೆ ಕೋರಲ್ ಬೇಗೆ ಅರ್ಧ ಖಾಲಿ ನೀರು, ಮುಕ್ಕಾಲು ತುಂಬಿದ ಟಾಯ್ಲೆಟ್ ಪೆಟ್ಟಿಗೆ, ನಿದ್ದೆಗೆಟ್ಟ ಇಬ್ಬರು ಹಿರಿಯರ ಜೊತೆ ಹೋಗಬೇಕು. ಮುಂದೆ ಮೂರು ರಾತ್ರಿ ನೀರಿಲ್ಲದ ಓಸ್ಪ್ರೆ ಬೇ ಇದೆ. ಕಷ್ಟದ ರಾತ್ರಿ ಒಂದನ್ನು ಅಲ್ಲಿಗೇ ಉಳಿಸಿಕೊಳ್ಳೋಣ, ಇಲ್ಲಿ ಖರ್ಚು ಮಾಡೋದು ಬೇಡ ಅಂದೆ. ಕ್ಯಾರವಾನ್ ಊರಿನಲ್ಲೇ ಬಿಟ್ಟು ಬರೀ ಕಾರಿನಲ್ಲಿ ಕ್ವೋಬ್ಬಾಗೆ ಹೋಗಿ ಸಂಜೆಗೆ ವಾಪಸ್ ಬಂದೆವು. ಗಂಡ ಇವತ್ತಿಗೂ ಆ ರಾತ್ರಿಯನ್ನು ನನ್ನ ಲೆಕ್ಕಕ್ಕೆ ಬರೆದಿಟ್ಟಿದ್ದಾರೆ.

ಕಾರ್ನಾರ್ವನ್‌ನಲ್ಲಿ ಗ್ಯಾಸ್ಕೋಯ್ನ್ ನದಿ ಇದೆ. ವರ್ಷದ ಬಹುಪಾಲು ಮೇಲೆ ಬರೀ ಮರಳು, ನೀರು ಕೆಳಗೆ. ಆ ನೀರಿನಿಂದಲೇ ಬಾಳೆ ತೋಟಗಳು. ರಸ್ತೆಬದಿ ಮೇಜಿನ ಮೇಲೆ ಚಿಪ್ಪು ಇಟ್ಟು ಪಕ್ಕಕ್ಕೆ ದುಡ್ಡಿನ ಡಬ್ಬಿ. ಯಾರೂ ಇಲ್ಲ. ಅತ್ತೆ ಐದು ನಿಮಿಷ ಆಚೀಚೆ ನೋಡಿ, ಮಾಲೀಕ ಬರಬಹುದು ಅಂತ ಕಾದು, ಕೊನೆಗೆ ನಾಣ್ಯ ಹಾಕಿದರು. ಗಿಡ್ಡ ಹಣ್ಣು, ಒಳ್ಳೆ ಸಿಹಿ. ಆವತ್ತು ಡಬ್ಬಿಯ ತೆಂಗಿನ ಹಾಲು, ಬೆಲ್ಲ ಹಾಕಿ ರಸಾಯನ. ಇಲ್ಲೇ ಮಗಳು ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡಿ ಕಿರುಚಿದ್ದು. ಇಲ್ಲಿಯವರು ಡಬಲ್‌ಜೀ ಅನ್ನೋ ಮುಳ್ಳು. ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೆ. "ನೆಗ್ಗಿಲ ಮುಳ್ಳಿನ ಅಣ್ಣ" ಅಂದರು ಅತ್ತೆ, ಕಾಲಿಂದ ಕೀಳುತ್ತಾ. ಅಲ್ಲಿಂದ ಸೈಟಿಗೆ ಹೋದ ತಕ್ಷಣ ಒಂದು ಹಳೇ ರಬ್ಬರ್ ಚಪ್ಪಲಿ ಹಾಕಿ ಸುತ್ತ ನಡೆದು, ಅಡಿಯಲ್ಲಿ ಮುಳ್ಳು ಎಷ್ಟು ಕೂತಿದೆ ಅಂತ ನೋಡೋದು ನನ್ನ ಕೆಲಸ.

ಕೋರಲ್ ಬೇ ಎರಡು ರಾತ್ರಿ, ಎಲ್ಲ ಸುಸೂತ್ರ.

ಓಸ್ಪ್ರೆ ಬೇಗೆ ಹೋಗುವ ದಿನ ಬೆಳಿಗ್ಗೆ ಏಳಕ್ಕೇ ಹೊರಟೆವು. ಕೋರಲ್ ಬೇಯಿಂದ ಎಕ್ಸ್‌ಮೌತ್‌ಗೆ 150 ಕಿ.ಮೀ. ಅಲ್ಲಿ ಡಂಪ್ ಪಾಯಿಂಟ್, ಪೆಟ್ರೋಲು, ತರಕಾರಿ, ಐಸ್. ಅಲ್ಲಿವರೆಗೂ ನೀರಿನ ಟ್ಯಾಂಕುಗಳನ್ನು ಅರ್ಧ ಮಾತ್ರ ತುಂಬಿಸಿಕೊಂಡು ಬರುತ್ತಿದ್ದೆವು. ಲೀಟರಿಗೆ ಒಂದು ಕಿಲೋ ತೂಕ, ಸುಮ್ನೆ ಯಾಕೆ ಹೊರೋದು? ಇಲ್ಲಿ ಮಾತ್ರ ಎರಡೂ ಟ್ಯಾಂಕ್ ಅಂಚಿನವರೆಗೆ, 190 ಲೀಟರ್. ಕುಡಿಯೋಕೆ ಬೇರೆ 30 ಲೀಟರ್. ಭೂಶಿರವನ್ನು ಸುತ್ತುಹಾಕಿ ಒಂದು ತಾಸಿನ ದಾರಿ. ತಲುಪಿದ್ದು 12.50. ಮೂಗು ದಕ್ಷಿಣಕ್ಕೆ, ಗಾಳಿಗೆ. ಹೆಜ್ಜೆ 88. ಸ್ವಲ್ಪ ಜಾಸ್ತಿ. ಆದರೆ ಹಾದಿ ಸಮತಟ್ಟು, ಚಂದ್ರ ದೊಡ್ಡದಾಗಿದ್ದ ದಿನಗಳು.

ನೆರಳು ಅಂದರೆ ನಾವೇ ಕಟ್ಟಿಕೊಂಡದ್ದು. ಒಂದು ಮರವಿಲ್ಲ. ಹನ್ನೊಂದರಿಂದ ಎರಡರವರೆಗೆ ಬಟ್ಟೆಯ ಕೆಳಗೇ. ನೀರಿನ ಉಸ್ತುವಾರಿ ಅತ್ತೆ ತೆಗೆದುಕೊಂಡರು. ಏಪ್ರಿಲ್ ಮೇಯಲ್ಲಿ ಬಾವಿಯ ತಳ ಕಂಡಾಗ ಹೇಗೆ ಸಂಸಾರ ಮಾಡೋದು ಅಂತ ಅವರಿಗೆ ಹೇಳಿಕೊಡಬೇಕಾ? ಮೊದಲ ರಾತ್ರಿಯೇ ಅನ್ನಕ್ಕೆ ತಡೆ. ಜಿಡ್ಡಿನ ಪಾತ್ರೆಯೂ ಬೇಡ. ಅವಲಕ್ಕಿ, ಚಪಾತಿ, ಉಪ್ಪಿನಕಾಯಿ. ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ಸ್ಪ್ರೇ ಬಾಟಲಿಯಿಂದ ನಾಲ್ಕು ಸಲ ಪಿಚಕ್. ಸ್ನಾನ ಒಂದು ಚೊಂಬಿನ ಬಿಸಿನೀರು, ಒಂದು ಬಟ್ಟೆ. ಮೂರು ರಾತ್ರಿ ಕಳೆದು ಹೊರಡುವಾಗ ಟ್ಯಾಂಕಿನಲ್ಲಿ ಇನ್ನೂ 70 ಲೀಟರ್ ಮಿಕ್ಕಿತ್ತು. ಅತ್ತೆ ನನ್ನ ಕಡೆ ನೋಡಿ ಏನೂ ಹೇಳಲಿಲ್ಲ.

ಎರಡನೇ ಬೆಳಿಗ್ಗೆ ಮಗಳು ಕೈ ಹಿಡಿದು ಎಳೆದುಕೊಂಡು ಹೋದಳು. ದಡದ ಕಲ್ಲಿನ ಮೇಲಿಂದಲೇ ಆಮೆಯ ತಲೆ ಕಂಡಿತು. ಮಾವ ಪ್ಯಾಂಟ್ ಮೊಣಕಾಲವರೆಗೆ ಮಡಚಿ ಇಳಿದರು. ಮುಖಕ್ಕೆ ಗಾಜಿನ ಮುಖವಾಡ ಕಟ್ಟಿಕೊಂಡು ಬಗ್ಗಿದರು. ಎಷ್ಟು ಹೊತ್ತಾದರೂ ಏಳಲಿಲ್ಲ. ಎದ್ದವರು, "ಕೆಳಗೆ ಫುಲ್ ರಶ್ ಉಂಟು" ಅಂದರು. ದೂರದಲ್ಲಿ ಹವಳದ ದಿಬ್ಬದ ಆಚೆ ಹಂಪ್‌ಬ್ಯಾಕ್ ತಿಮಿಂಗಿಲಗಳ ಉಸಿರಿನ ಹಬೆ ಆಗಾಗ ಮೇಲೇಳುತ್ತಿತ್ತು. ಎಕ್ಸ್‌ಮೌತ್ ಕಡಲಿನಲ್ಲಿ ಅವು ಕಾಣುವ ತಿಂಗಳುಗಳೇ ಅವು.

ವಾಪಸ್ ಬರುವಾಗ ಲೆಕ್ಕ ತಪ್ಪಿದ್ದು ಪೆಟ್ರೋಲಿನಲ್ಲಿ. ಹೋಗುವಾಗ ದಕ್ಷಿಣದ ಗಾಳಿ ಬೆನ್ನಿಗಿತ್ತು. ಬರುವಾಗ ಎದೆಗೆ. ಕ್ಯಾರವಾನ್ ಅಂದರೆ ಗಾಳಿಗೆ ಒಡ್ಡಿದ ಗೋಡೆ. ಹೋಗುವಾಗ ನೂರು ಕಿಲೋಮೀಟರಿಗೆ 16 ಲೀಟರ್ ಕುಡಿದ ಗಾಡಿ ಬರುವಾಗ 21 ಕುಡಿಯಿತು. ಎಕ್ಸ್‌ಮೌತ್‌ನಿಂದ ಕಾರ್ನಾರ್ವನ್‌ಗೆ 365 ಕಿ.ಮೀ. ಅಲ್ಲಿವರೆಗೆ ಒಂದೇ ಟ್ಯಾಂಕಿನಲ್ಲಿ ಹೋಗಬಹುದು ಅಂದುಕೊಂಡಿದ್ದೆವು, ಆಗಲಿಲ್ಲ. ಕಾರ್ನಾರ್ವನ್‌ಗೆ 140 ಕಿ.ಮೀ. ಇರುವಾಗ ಮಿನಿಲ್ಯಾ ರೋಡ್‌ಹೌಸ್‌ನಲ್ಲಿ ನಿಲ್ಲಲೇಬೇಕಾಯಿತು. ಈ ದಾರಿಯಲ್ಲಿ ವಸ್ತಿಯ ಜೊತೆ ಪೆಟ್ರೋಲ್ ಎಲ್ಲಿ ಅನ್ನೋದನ್ನೂ ಗಾಳಿಯೇ ತೀರ್ಮಾನ ಮಾಡುತ್ತದೆ.

ದಕ್ಷಿಣಕ್ಕೆ ಹೋಗುವಾಗಿನ ಮೂರು ರಾತ್ರಿಗೆ ನಾವು ಬುಕಿಂಗೇ ಮಾಡಿರಲಿಲ್ಲ. ಕಾರ್ನಾರ್ವನ್ ಆದ ಮೇಲೆ ಗಲೀನಾ ಸೇತುವೆಯ ಬಳಿ ಮರ್ಚಿಸನ್ ನದಿಯ ದಂಡೆಯಲ್ಲಿ ನಿಂತೆವು. ಸರ್ಕಾರದ ರೆಸ್ಟ್ ಏರಿಯಾ, ದುಡ್ಡಿಲ್ಲ, 24 ತಾಸು ಇರಬಹುದು. 360 ಕಿ.ಮೀ. ದಾರಿಗೆ ಬೆಳಿಗ್ಗೆ ಏಳಕ್ಕೇ ಬಿಟ್ಟದ್ದರಿಂದ 1.50ಕ್ಕೆ ಸೇರಿದೆವು. ಮರದ ಕೆಳಗೆ ಸಮತಟ್ಟು ಜಾಗ ಒಂದೇ ಉಳಿದಿತ್ತು. ನಾಲ್ಕು ಗಂಟೆಗೆ ಬಂದ ಜೋಡಿಯೊಂದು ಎರಡು ಸುತ್ತು ಹಾಕಿ, ಸಪ್ಪೆ ಮುಖ ಮಾಡಿ, ರಸ್ತೆಗೆ ಹತ್ತಿರದ ಇಳಿಜಾರಿನಲ್ಲಿ ನಿಂತಿತು. ರಾತ್ರಿಯಿಡೀ ರೋಡ್ ಟ್ರೈನ್‌ಗಳ ಸದ್ದು ಅವರ ಪಾಲಿಗೆ. ಅತ್ತೆ ಅವರಿಗೆ ಚಹಾ ಕಳಿಸಿದರು. ಸಾರಿನ ಪುಡಿಯ ವಾಸನೆ ಆಗಲೂ ಹೋಗಿರಲಿಲ್ಲ. ಆ ಹೆಂಗಸು ಚಹಾ ಕಪ್ ವಾಪಸ್ ತಂದವರು ಬಾಗಿಲಲ್ಲಿ ನಿಂತು ಮೂಗರಳಿಸಿ, ಇದು ಯಾವ ಅಡುಗೆ ಅಂತ ಕೇಳಿದರು. ಅಡುಗೆ ಅಲ್ಲ, ಎಮು ಅಂತ ಮಗಳು ಉತ್ತರ ಕೊಟ್ಟಳು.

ಜ್ಯೂರಿಯನ್ ಬೇಯಲ್ಲಿ ಕೊನೆಯ ರಾತ್ರಿ. ಮೊದಲ ದಿನದ್ದೇ ಪಾರ್ಕ್. ಈ ಸಲ ಗಂಡ ಯಾರೂ "ಬರ್ಲಿ" ಅನ್ನೋಕೆ ಮುಂಚೆಯೇ ಹಿಂದಕ್ಕೆ ತಂದು ನಿಲ್ಲಿಸಿದರು. ಮಾವ ಆದರೂ ಹಿಂದೆ ಹೋಗಿ ಎರಡು ಸಲ ತಟ್ಟಿ, "ಹೋಲ್ಡಾನ್" ಅಂದರು.

ಮರುದಿನ ಬಾಡಿಗೆಯ ಅಂಗಳದಲ್ಲಿ ಕ್ಯಾರವಾನ್ ಬಿಚ್ಚಿ ಕೀ ಕೊಡುವ ಹೊತ್ತಿಗೆ ಮಾವ ಬಾನೆಟ್ ಮೇಲೆ ನೋಟ್‌ಬುಕ್ ಇಟ್ಟು ಬರೆಯುತ್ತಿದ್ದರು. ನಾನು ಭುಜದ ಮೇಲಿಂದ ಇಣುಕಿದೆ. "ಡಿಪೋ ಇನ್ 1.40. ಹತ್ತಿದವರು 5. ಇಳಿದವರು 5."